ಕೇಳುವ ಮೊದಲೇ ಕೊಡುವ ಅಜ್ಜ

ಕೀಲ್ಪಾಕಿನ ತನ್ನ ಹೋಟೆಲಿನಲ್ಲಿ ಯಾವ ಗಿರಾಕಿಯೂ ಚಟ್ನಿಗಾಗಿ ಬಾಯಿಬಿಟ್ಟು ಕೇಳುವ ಪ್ರಸಂಗ ಬರಕೂಡದೆಂಬುದು ಕಿಟ್ಟಣ್ಣನ ಕುಲಧರ್ಮ. ತಟ್ಟೆ ಒಣಗುವ ಸೂಚನೆ ಕಂಡರೆ ಸಾಕು, ಚಟ್ನಿ ಬಕೆಟ್ ಹಾಜರು. ಇಂಥ ಮನುಷ್ಯನಿಗೆ ಹೋಗಿ ಹೋಗಿ ಆ ಥೆರಪಿಯವಳು "ಮಗು ಕೇಳೋವರೆಗೂ ಕೊಡಬೇಡಿ" ಅಂದರೆ ಮೈ ಉರಿಯದೆ ಇರುತ್ತದೆಯೇ?

ಮಗು ಎಂದರೆ ಮೊಮ್ಮಗಳು ವೀಕ್ಷಾ. ನಾಲ್ಕು ತುಂಬಿದರೂ ಮಾತಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದೂ ಇಲ್ಲ. ಅವಳು ಅತ್ತರೆ ಹಸಿವೋ ಹೊಟ್ಟೆನೋವೋ ತಿಳಿಯದೆ ಮನೆಯವರೂ ಅತ್ತದ್ದುಂಟು. ಡಾಕ್ಟರು ಆಟಿಸಂ ಅಂದರು. ಎಬಿಎ ಥೆರಪಿ ಮಾಡಿಸುವುದಾದರೆ ಜಾಗ ನೋಡಿ ಆರಿಸಿ ಅಂದರು. (ಎಬಿಎ ಎಂದರೆ, ಮಗು ಯಾವಾಗ, ಯಾಕೆ ಹೀಗೆ ಮಾಡುತ್ತದೆಂದು ಗಮನಿಸಿ, ಬೇಕಾದ್ದನ್ನು ಚೂರು ಚೂರಾಗಿ ಕಲಿಸಿ, ಕಲಿತಾಗ ಶಹಬ್ಬಾಸ್ ಎನ್ನುವುದು. ಕಿಟ್ಟಣ್ಣನ ಬಾಯಲ್ಲಿ ಅದು ಇವತ್ತಿಗೂ 'ಅಬ್ಬಾ ಥೆರಪಿ'.)

ನುಂಗಂಬಾಕ್ಕಂನ ಮೊದಲ ಸೆಂಟರ್ ಕಿಟ್ಟಣ್ಣನಿಗೆ ಬಹಳ ಹಿಡಿಸಿತು. ಎಸಿ, ಗಾಜಿನ ಬಾಗಿಲು, ಮೇಲಾಗಿ ಮಾತು ಬರಿಸುವ ಗ್ಯಾರಂಟಿ! ಆದರೆ ಮನೆಯವರು ಒಳಗೆ ಬರುವಂತಿಲ್ಲ, ಮಗು ಅತ್ತರೂ ಕುರ್ಚಿಯಿಂದ ಏಳಿಸುವುದಿಲ್ಲ ಎಂದದ್ದೇ ತಡ, ಸೊಸೆ ನಿಖಿತಾ ಚಪ್ಪಲಿ ಮೆಟ್ಟಿಕೊಂಡಳು. ಅವಳು ಆರಿಸಿದ್ದು ಫ್ಯಾನ್ ಕಿರುಗುಟ್ಟುವ ಒಂದು ಪುಟ್ಟ ಜಾಗವನ್ನು. ಅಲ್ಲಿ ಮನೆಯವರೂ ಕೂರಬಹುದು, ಮಗು ಸಾಕೆಂದರೆ ನಿಲ್ಲಿಸುತ್ತಾರೆ.

ಅಲ್ಲಿನ ಚಿನ್ಮಯಿ, ಮೈಸೂರಿನ ಹುಡುಗಿ, ಮೊದಲ ದಿನವೇ ರೋಗಮೂಲ ಕಂಡುಹಿಡಿದಳು. ವೀಕ್ಷಾ ಮುಖ ತಿರುಗಿಸುವ ಮೊದಲೇ ಅಜ್ಜನ ಜೇಬಿನ ಪೊಟ್ಟಣದಿಂದ ಗೋಳಿಬಜೆ ಹೊರಬರುತ್ತಿತ್ತು.

"ಸರ್, ಎಲ್ಲಾ ನೀವೇ ಮುಂಚೆ ಕೊಟ್ಬಿಟ್ರೆ ಅವಳು ಯಾಕೆ ಕೇಳ್ತಾಳೆ? ಸ್ವಲ್ಪ ಕಾಯಿರಿ. ಚಿತ್ರದ ಕಾರ್ಡ್ ಕೈಗೆ ಕೊಟ್ರೂ ಕೇಳಿದ ಹಾಗೇನೇ."

"ಎನ್ನಮ್ಮಾ ಇದು!" ಅರ್ಧ ತಮಿಳಿನಲ್ಲಿ ಸಿಡಿದ ಕಿಟ್ಟಣ್ಣ. "ಊರಿಗೆಲ್ಲ ಬಡಿಸುವವ ನಾನು. ನನ್ನ ಮೊಮ್ಮಗಳು ಭಿಕ್ಷೆ ಬೇಡ್ಬೇಕಾ?"

"ಮಾವ, ಸ್ವಲ್ಪ ಸುಮ್ನೆ ಕೂತ್ಕೊಳ್ಳಿ" ಎಂದಳು ನಿಖಿತಾ.

ಕಾರ್ಡುಗಳು ಬಂದವು: ಗೋಳಿಬಜೆ, ಚೆಂಡು, ಅಂಗೈ ಎತ್ತಿದ 'ಸಾಕು'. ಕಿಟ್ಟಣ್ಣ ಹಠ ಹಿಡಿದು ತನ್ನ ಫೋಟೋದ್ದೂ ಒಂದು ಮಾಡಿಸಿದ. ಸನ್ಮಾನದ ದಿನದ್ದು, ಹಾರ ಸಮೇತ. (ಹೆಂಡತಿ ವಿಮಲಾ ಅದನ್ನು ಕಂಡು "ಬದುಕಿರುವಾಗಲೇ ಇದೆಂತ ಅವಸ್ಥೆ" ಎಂದು ಹೌಹಾರಿದ್ದು ಬೇರೆ ಮಾತು.) ಮೊಮ್ಮಗಳು ಮೊದಲು ತನ್ನನ್ನೇ ಕೇಳುತ್ತಾಳೆಂದು ಅವನಿಗೆ ಭಾರೀ ನಂಬಿಕೆ. ವಾರಗಳು ಕಳೆದರೂ ವೀಕ್ಷಾ ಒಂದು ಕಾರ್ಡನ್ನೂ ಮುಟ್ಟಲಿಲ್ಲ. ಕಿಟ್ಟಣ್ಣನಿಗೆ ಒಳಗೊಳಗೇ ಅಳು ಬರುತ್ತಿತ್ತು, ಹೊರಗೆ ಮಾತ್ರ ಸಿಟ್ಟು.

ಕೊನೆಗೊಂದು ದಿನ ತಡೆಯಲಾರದೆ ಮಗುವಿನ ಮುಖದ ಹತ್ತಿರ ಬಗ್ಗಿ, "ಅಜ್ಜ ಬೇಕಾ ಪುಟ್ಟಿ? ಅಜ್ಜನ್ನ ತೆಕ್ಕೊ! ತೆಕ್ಕೊ!" ಎಂದು ಬೊಬ್ಬೆ ಹಾಕತೊಡಗಿದ. ವೀಕ್ಷಾ ಕಿವಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲನೆ ಕೈಚಾಚಿ ಹಾರದ ಅಜ್ಜನನ್ನು ಎತ್ತಿ ಚಿನ್ಮಯಿಯ ಕೈಗಿಟ್ಟಳು.

"ನೋಡಿದ್ರಾ! ನಾನು ಹೇಳ್ಲಿಲ್ವಾ!"

ಅವನ ಮಾತು ಮುಗಿಯುವಷ್ಟರಲ್ಲಿ ವೀಕ್ಷಾ ಅದರ ಮೇಲೆ ಇನ್ನೊಂದು ಕಾರ್ಡ್ ಇಟ್ಟಳು. ಅಂಗೈ ಎತ್ತಿದ್ದು.

"ಅಜ್ಜ, ಸಾಕು!" ಚಿನ್ಮಯಿ ಕುಣಿದಾಡಿದಳು. "ಎರಡು ಸೇರಿಸಿ ಕೇಳಿದ್ಳು! ಸರ್, ಕೇಳಿದ್ದನ್ನ ತಕ್ಷಣ ಕೊಡ್ಬೇಕು. ದಯವಿಟ್ಟು ಹೊರಗೆ ಹೋಗಿ."

ಹೊರಗೆ ವಿಮಲಾ ಗಾಬರಿಯಿಂದ ಎದ್ದಳು. "ಎಂತ ಆಯ್ತು? ಯಾಕೆ ಅಳ್ತೀರಿ?"

"ಮಾತಾಡಿದ್ಳು ಮಾರಾಯ್ತಿ! ನಮ್ಮ ವೀಕ್ಷಾ ಮಾತಾಡಿದ್ಳು!"

"ಅಯ್ಯೋ ದೇವರೇ! ಎಂತ ಹೇಳಿದ್ಳು?"

"ನಾನು ಸಾಕಂತೆ. ಕಾರ್ಡು ಕೊಟ್ಟು ಹೊರಗೆ ಹಾಕಿದ್ಳು!"

ವಿಮಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮದುವೆ ಆದಾಗಿಂದ ನಾನು ಬಾಯಲ್ಲೇ ಹೇಳ್ತಾ ಇದ್ದೆ, ಒಂದು ದಿನ ಕೇಳಿದ್ದುಂಟಾ ನೀವು? ಒಳಗೆ ಹೋಗಿ ಆ 'ಸಾಕು' ಕಾರ್ಡು ನನಗೂ ಒಂದು ಕೇಳಿ."