ಭಾವಮೈದುನನ ತಂತ್ರಾಂಶದ ಬಂಧನ ಪ್ರಕರಣ

ಹನ್ನೊಂದು ವರ್ಷಗಳಿಂದ ನಾನು ವೃದ್ಧರ ನೆನಪುಗಳನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಒಪ್ಪಿಸುತ್ತ ಬಂದಿದ್ದೇನೆ. ಒಬ್ಬರ ಮಾತನ್ನಷ್ಟೇ ಕೇಳಿ ಯಾರನ್ನೂ ಅಪರಾಧಿ ಎನ್ನಬಾರದು. ಇದು ಈ ವಿದ್ಯೆಯ ಮೊದಲ ಪಾಠ. ಆ ಪಾಠದ ಗಾಳಿಯೂ ಸೋಕದ ಮೂರ್ಖ ಪ್ರಾಣಿಯೊಂದು ನನ್ನ ಕಂಪ್ಯೂಟರಿನೊಳಗೆ ಕಾವಲಿಗೆ ಕುಳಿತಿದೆ. ಅದರ ಹೆಸರು ಆಂಟಿವೈರಸ್.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ. ಐದರೊಳಗೆ ನನ್ನ ಅತ್ತೆಯ ಸಂದರ್ಶನ ಸಂಗ್ರಹಾಲಯವನ್ನು ತಲುಪದಿದ್ದರೆ ಈ ವರ್ಷದ ಸಂಪುಟದಲ್ಲಿ ಅದಕ್ಕೆ ಜಾಗವಿಲ್ಲ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿನ ಗುಟ್ಟುಗಳನ್ನೆಲ್ಲ ಕಿವಿಗೆ ಹಾಕಿಕೊಂಡ ಮಹಾತಾಯಿ ಆಕೆ. ಇಪ್ಪತ್ತೆರಡು ಗಂಟೆ ಮಾತನಾಡಿದ್ದರು. ಅಕ್ಷರಕ್ಕಿಳಿಸಲು ಕೊನೆಯ ಅರ್ಧ ಗಂಟೆಯ ಮಾತು ಮಾತ್ರ ಬಾಕಿ. ಧ್ವನಿಮುದ್ರಿಕೆಯನ್ನು ನಿಧಾನವಾಗಿ ನುಡಿಸಿ, ಕಾಲಡಿಯ ಪೆಡಲ್ ಒತ್ತಿದೊಡನೆ ನಿಲ್ಲಿಸುವ ಪುಟ್ಟ ತಂತ್ರಾಂಶವೊಂದನ್ನು ಅತ್ತೆಯ ಕಿರಿಮಗ, ಅಂದರೆ ನನ್ನ ಭಾವಮೈದುನ, ಬರೆದುಕೊಟ್ಟಿದ್ದ. ಅದನ್ನು ತೆರೆದೆ. ಪರದೆ ಕೆಂಪಾಯಿತು. 'ಗೂಢಚಾರ ತಂತ್ರಾಂಶ ಪತ್ತೆ. ಬಂಧಿಸಲಾಗಿದೆ.'

ಗೂಢಚಾರ! ಪೆಡಲ್ ಒತ್ತುವುದನ್ನು ಕಾದು ಕೂರುವುದೇ ಅದರ ಅಪರಾಧವಂತೆ. ಆಂಟಿವೈರಸ್ ಕಂಪನಿಗೆ ಫೋನ್ ಮಾಡಿದೆ; ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಏಳು ಅಡಿಟಿಪ್ಪಣಿಗಳ ಸಮೇತ ಇಮೇಲ್ ಬರೆದೆ; 'ನಿಮ್ಮ ಸುರಕ್ಷತೆಯೇ ನಮ್ಮ ಸಂತೋಷ' ಎಂದು ಅರೆಕ್ಷಣದಲ್ಲಿ ಉತ್ತರ ಬಂತು. ಅರೆಕ್ಷಣದಲ್ಲಿ ಏಳು ಅಡಿಟಿಪ್ಪಣಿ ಓದಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ಮೇಜು ಗುದ್ದಿದೆ. (ನೋವಾದದ್ದು ಮೇಜಿಗಲ್ಲ.)

ಹೆಂಡತಿ ಓಡಿಬಂದಳು. "ರೀ, ಯಾಕ್ರೀ ಹಾಗೆ ಕಿರುಚ್ತೀರಾ? ಇಲ್ಲೇ ಇದೆಯಲ್ಲ 'ಬಿಡುಗಡೆ ಮಾಡಿ' ಅಂತ. ಒತ್ತಿ!"

"ಒತ್ತಿದೆ ಕಣೇ. ಈಗ ಪ್ರಶ್ನೆ ಕೇಳ್ತಿದೆ. 'ಇದನ್ನು ತಯಾರಿಸಿದವರನ್ನು ನೀವು ಸಂಪೂರ್ಣವಾಗಿ ನಂಬುತ್ತೀರಾ?'"

"ಹೌದು ಅನ್ನಿ. ನನ್ನ ತಮ್ಮ ಅಲ್ವಾ?"

"ಅದಕ್ಕೇ ಯೋಚಿಸ್ತಿರೋದು."

ಇಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ಆಧಾರವಿಲ್ಲದೆ ಏನನ್ನೂ ದೃಢೀಕರಿಸದಿರುವುದು ನನ್ನ ವೃತ್ತಿಧರ್ಮ.

"'ಸಂಪೂರ್ಣವಾಗಿ' ಅಂತಿದೆ, ನೋಡು. ನನ್ನ ಕ್ಯಾಮೆರಾ ತಗೊಂಡು ಹೋದವನು ಬರೀ ಅದರ ಚೀಲ ವಾಪಸ್ ತಂದ, ಒಂದು. ಅರ್ಧ ಗಂಟೇಲಿ ಬರ್ತೀನಿ ಅಂದು ಮೂರನೇ ದಿನ ಬಂದ, ಎರಡು. ನಲ್ಲಿ ರಿಪೇರಿ ಮಾಡ್ತೀನಿ ಅಂತ ಅಡುಗೆಮನೇನ ಕೆರೆ ಮಾಡಿದ, ಮೂರು..."

"ಹಾಗಾದ್ರೆ ನನ್ನ ಮಗ ಕಳ್ಳ ಅಂತೀರಾ, ಅಳಿಯಂದ್ರೇ?"

ಪಕ್ಕದ ಕೋಣೆಯಲ್ಲಿದ್ದ ಅತ್ತೆ ಬಾಗಿಲಲ್ಲಿ! ಮೂವತ್ತೆರಡು ವರ್ಷ ಪಳಗಿದ ಕಿವಿಗೆ ನಮ್ಮ ಮನೆಯ ಗೋಡೆ ಯಾವ ಲೆಕ್ಕ?

"ಅಯ್ಯೋ, ಇಲ್ಲ ಅತ್ತೆ! ಪೂರ್ತಿ ನಂಬಿಕೆ! ನೋಡಿ, ಒತ್ತೇಬಿಟ್ಟೆ!"

ತಂತ್ರಾಂಶ ಗುಮಾಸ್ತನಷ್ಟು ವಿನಯದಿಂದ ತೆರೆದುಕೊಂಡಿತು. ಅತ್ತೆಯ ಮುದ್ರಿತ ಧ್ವನಿ ಸ್ಪಷ್ಟವಾಗಿ ಕೇಳಿಸಿತು. ಗಂಟೆ ಮೂರೂಕಾಲು; ಬೇಕಾದಷ್ಟು ಸಮಯವಿತ್ತು.

ಅತ್ತೆ ನೇರವಾಗಿ ನನ್ನ ಕಪಾಟಿಗೆ ನಡೆದು ಹಸಿರು ಕಾಗದವೊಂದನ್ನು ಎಳೆದರು. ಸಂದರ್ಶನ ಕೊಟ್ಟವರು ಯಾವ ಗಳಿಗೆಯಲ್ಲಾದರೂ, ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ಮಾತುಗಳನ್ನೆಲ್ಲ ಹಿಂಪಡೆಯಲು ನಾನೇ ರೂಪಿಸಿದ ಅರ್ಜಿ ನಮೂನೆ ಅದು. ಇಂಥ ಹಕ್ಕು ಹಿರಿಯರಿಗೆ ಇರಲೇಬೇಕೆಂದು ಸಭೆಗಳಲ್ಲಿ ವಾದಿಸಿ ಗೆದ್ದವನೂ ನಾನೇ. ವಯಸ್ಸಾದವರಿಗೆ ತೊಂದರೆಯಾಗದಿರಲೆಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೆ. ಅತ್ತೆ ಕನ್ನಡಕವನ್ನೂ ಹುಡುಕದೆ ಅರ್ಧ ನಿಮಿಷದಲ್ಲಿ ತುಂಬಿ, ಕಾಗದವನ್ನು ನನ್ನ ಮುಂದೆ ಸರಿಸಿದರು.

"'ಸ್ವೀಕರಿಸಿದವರು' ಅಂತಿದೆ, ಅಳಿಯಂದ್ರೇ. ಇಲ್ಲಿ ನಿಮ್ಮ ಸಹಿ ಬೇಕು."

ನನ್ನ ಹೆಂಡತಿ ಪೆನ್ನು ತಂದುಕೊಟ್ಟಳು.