ಸಮುದ್ರದ ದಂಡೆಯಲ್ಲಿ ಇಬ್ಬರೇ

ಸುಂದರೇಶನ ಫೋಟೋ ಸ್ಟುಡಿಯೋಗೆ ಹೊಸ ಪರದೆ ಬಂದದ್ದೇ ಎಲ್ಲಕ್ಕೂ ಮೂಲ.

ಅದುವರೆಗೆ ಅಲ್ಲಿ ಇದ್ದದ್ದು ಒಂದೇ ಪರದೆ; ಅದರಲ್ಲಿ ಎರಡು ಕಂಬ, ಒಂದು ಹೂಕುಂಡ. ಮೈಸೂರಿನ ಅರ್ಧ ಜನ ಆ ಹೂಕುಂಡದ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡಿದ್ದರು. ಈಗ ಬಂದದ್ದು ಮೆಡಿಟರೇನಿಯನ್ ಸಮುದ್ರ! ನೀಲಿ ನೀರು, ಹಾಯಿದೋಣಿ, ಗುಡ್ಡದ ತುಂಬ ಸುಣ್ಣ ಬಳಿದ ಮನೆಗಳು. ಎದುರಿಗೆ ಎರಡು ಬೆತ್ತದ ಕುರ್ಚಿ, ನಡುವೆ ಪುಟ್ಟ ಮೇಜು, ಅದರ ಮೇಲೆ ಗಾಜಿನ ಲೋಟದಲ್ಲಿ ಕೆಂಪು ಶರಬತ್ತು.

"ಗಂಡ ಹೆಂಡ್ತಿ ಬಂದು ಸುಮ್ನೆ ಕೂತ್ಕೊಳ್ಳಿ ಸಾರ್. ನೋಡಿದೋರು, ಇವ್ರು ಆ ಊರಲ್ಲೇ ಒಂದು ದಿನ ಹಾಯಾಗಿ ಕಳೆದು ಬಂದಿದಾರೆ ಅನ್ಬೇಕು," ಎಂದ ಸುಂದರೇಶ.

ಜವಳಿ ಅಂಗಡಿ ಗುಮಾಸ್ತ ಚೆಲುವರಾಜು ಅಲ್ಲೇ ಮಾರುಹೋದ. ಅವನ ಮದುವೆಯ ಫೋಟೋದಲ್ಲಿ ನೆಂಟರೆಲ್ಲ ಮುಂದೆ ನುಗ್ಗಿ, ಹೆಣ್ಣಿನ ಒಂದು ಕಣ್ಣು, ಗಂಡಿನ ಪೇಟದ ತುದಿ, ಇಷ್ಟೇ ಉಳಿದಿತ್ತು. ಅಂದಿನಿಂದ ಹೆಂಡತಿ ವಸಂತ ಕೇಳಿದ್ದು ಒಂದೇ ಒಂದು: ತಾವಿಬ್ಬರೇ ಇರುವ ಫೋಟೋ.

"ಭಾನುವಾರ ಹೋಗೋಣ," ಎಂದು ಅವಳ ಕಿವಿಯಲ್ಲಿ ಉಸುರಿದ. "ಯಾರ್ಗೂ ಹೇಳ್ಬೇಡ. ನಾನು, ನೀನು, ಇಬ್ರೇ!"

ಆದರೆ ಅಂಥ ಊರಿಗೆ ಬರೀ ಅಂಗಿಯಲ್ಲಿ ಹೋಗುವುದು ಹೇಗೆ? ಭಾನುವಾರ ಬೆಳಿಗ್ಗೆ ವಠಾರದ ಶಾಮಣ್ಣನವರ ಹತ್ತಿರ ಕೋಟು ಕೇಳಿದ.

"ಧಾರಾಳವಾಗಿ ತಗೊಳಯ್ಯ. ಆದ್ರೆ ಇದು ದರ್ಬಾರು ಕಂಡ ಕೋಟು. ಒಂಟಿಯಾಗಿ ಕಳಿಸೋಕಾಗಲ್ಲ. ನಾನೂ ಬರ್ತೀನಿ."

ಕೋಟಿಗೆ ಬೂಟು ಬೇಡವೇ? ಎದುರು ಮನೆಯ ನಿವೃತ್ತ ದಫೇದಾರ ಶಿವಲಿಂಗಯ್ಯ ಬೂಟನ್ನೂ ಕೊಟ್ಟ, ತಾನೂ ಹೊರಟ. "ಬೂಟಿನ ನಡಿಗೆ ನಿಂಗೆ ಬರಲ್ಲ ಕಣೋ. ಹೇಳಿಕೊಡೋರು ಬೇಕು."

ಹಿತ್ತಲ ಮನೆಯ ಬೆಟ್ಟಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ಗದ್ದಲಕ್ಕೆ ಹೊರಬಂದ ಮುದುಕಿ, ತೀರಿಹೋದ ಗಂಡನ ಹರಳಿನ ಉಂಗುರ ತಂದು ಚೆಲುವರಾಜುವಿನ ಬೆರಳಿಗೆ ತುರುಕಿದಳು. "ಬರೀ ಬೆರಳಲ್ಲಿ ಸಮುದ್ರಕ್ಕೆ ಓಯ್ತಾರೇನಪ್ಪಾ? ಇಕ್ಕೋ. ಎಲ್ಲಾರಾ ಜಾರಿ ಬಿದ್ಬುಟ್ಟಾತು, ನಾನೂ ಬತ್ತೀನಿ."

"ಇಬ್ರೇ ಅಂದ್ರಿ!" ಎಂದಳು ವಸಂತ, ಹಲ್ಲು ಕಚ್ಚಿ.

"ಫೋಟೋದಲ್ಲಿ ಇಬ್ರೇ ಕಣೇ!"

ಜಟಕಾದಲ್ಲಿ ಜಾಗ ನಾಲ್ವರಿಗೆ. ಕೂತರೆ ಕೋಟು ಮುದುಡುತ್ತದೆಂದು ಶಾಮಣ್ಣನವರ ತೀರ್ಪು. ಹೀಗಾಗಿ ಚೆಲುವರಾಜು ಬನ್ನಿಮಂಟಪದ ವಠಾರದಿಂದ ಸ್ಟುಡಿಯೋವರೆಗೂ ಗಾಡಿಯ ಹಿಂದೆ ಓಡಿದ. ಅಳತೆ ಮೀರಿದ ಬೂಟು ಮೆಟ್ಟಿಲ ಮೇಲೆ ಉರುಳಿದ ಕೊಡದಂತೆ ದಡಬಡ ಎನ್ನುತ್ತಿತ್ತು. ಶಿವಲಿಂಗಯ್ಯ ಗಾಡಿಯೊಳಗಿಂದ, "ಎಡ! ಬಲ! ಎದೆ ಮುಂದೆ!" ಎಂದು ಕೂಗುತ್ತಿದ್ದ. ಬೀದಿ ನಾಯಿಗಳೆರಡು ಮೆರವಣಿಗೆ ಸೇರಿಕೊಂಡವು.

ಸ್ಟುಡಿಯೋ ತಲುಪುವಾಗ ಗಾಜಿನ ಚಾವಣಿಯ ಮೇಲೆ ಮೋಡ ಕವಿಯತೊಡಗಿತ್ತು. "ಬೇಗ ಬೇಗ! ಬಿಸಿಲು ಹೋದ್ರೆ ಫೋಟೋ ಇಲ್ಲ. ಕ್ಯಾಮೆರಾಗೆ ಹಾಕೋ ಗಾಜಿನ ಪ್ಲೇಟು ಉಳಿದಿರೋದು ಒಂದೇ!" ಎಂದ ಸುಂದರೇಶ.

ಗಂಡ ಹೆಂಡತಿ ಕೂತರು. ವಸಂತಳ ಮುಖ ಅರಳಿತು. ಚೆಲುವರಾಜುವಿಗೆ ಸಮುದ್ರದ ಗಾಳಿಯೇ ಬೀಸಿದಂತಾಯಿತು.

"ಇದೇನು ದಿಟವಾದ ನೀರಾ?" ಎಂದು ಬೆಟ್ಟಮ್ಮ ಸಮುದ್ರವನ್ನು ಹಿಡಿದು ಎಳೆದಳು. ಹಗ್ಗ ಪಟ್ಟೆಂದು ಕಿತ್ತು, ದೋಣಿ, ಗುಡ್ಡ, ಮನೆ ಸಮೇತ ಇಡೀ ಊರು ಕೆಳಗೆ ಬಿತ್ತು.

"ಯಾರಾದ್ರೂ ಹಿಡ್ಕೊಳ್ರೀ!" ಎಂದು ಕಿರುಚಿ ಸುಂದರೇಶ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಶಾಮಣ್ಣನವರಿಗೆ ಭುಜನೋವು. ಶಿವಲಿಂಗಯ್ಯನಿಗೆ ಸೊಂಟನೋವು. ಚೆಲುವರಾಜು ತಾನೇ ಎದ್ದ.

"ಕೋಟು! ಅಲ್ಲೆಲ್ಲ ಧೂಳು!" ಎಂದರು ಶಾಮಣ್ಣ.

ಅವನು ಕೋಟನ್ನು ಕಳಚಿ ಕುರ್ಚಿಗೆ ತೊಡಿಸಿ, ಹಿಂದಕ್ಕೆ ಓಡಿ, ಬೆಂಚು ಹತ್ತಿ, ಪರದೆಯನ್ನು ಎರಡೂ ಕೈಯಲ್ಲಿ ಆದಷ್ಟೂ ಮೇಲಕ್ಕೆ ಎತ್ತಿ ಹಿಡಿದ. "ಹಿಡ್ದಿದೀನಿ! ಹಗ್ಗ ಕಟ್ಟಿ!"

"ಅಲ್ಲಾಡ್ಬೇಡಿ... ನಗಿ... ಆಯ್ತು!" ಸುಂದರೇಶ ಕುಣಿಯುತ್ತ ಹೊರಬಂದ. "ಇಬ್ರೂ ಏನ್ ಚೆನ್ನಾಗಿ ಬಂದಿದೀರಿ ಅಂತೀನಿ!"

ಗುಡ್ಡದ ಹಿಂದಿನಿಂದ ಚೆಲುವರಾಜುವಿನ ದನಿ ಬಂತು: "ಯಾವ ಇಬ್ರು ಸಾರ್?"

ಕ್ಯಾಮೆರಾದೊಳಗೆ ಎಲ್ಲವೂ ಮಬ್ಬು, ಎಲ್ಲವೂ ತಲೆಕೆಳಗು. ಕೋಟು ಕಂಡಿತು, ಕೋಟಿದ್ದಲ್ಲಿ ಗಂಡನೂ ಇರುತ್ತಾನೆಂದು ಸುಂದರೇಶ ನಂಬಿಬಿಟ್ಟಿದ್ದ. ಅಷ್ಟರಲ್ಲಿ ಚಾವಣಿಯ ಮೇಲೆ ಟಪಟಪ ಮಳೆ ಶುರುವಾಯಿತು.

ಮುಂದಿನ ಭಾನುವಾರ ಫೋಟೋ ಬಂತು. ವಠಾರವೇ ಮುತ್ತಿಕೊಂಡಿತು. ಸಮುದ್ರದ ದಂಡೆಯಲ್ಲಿ ವಸಂತ ರಾಣಿಯಂತೆ ಕೂತಿದ್ದಾಳೆ.

"ಪಕ್ಕದಲ್ಲಿ ನನ್ ಕೋಟು! ಎಂಥ ಗತ್ತು!" ಎಂದರು ಶಾಮಣ್ಣ.

"ಸಮುದ್ರದ ಕೆಳಗೆ ನೋಡಿ, ನನ್ ಬೂಟು! ಹೆಂಗೆ ಹೊಳೀತಿದೆ!" ಎಂದ ಶಿವಲಿಂಗಯ್ಯ.

ವಸಂತ ತುಂಬ ಹೊತ್ತು ನೋಡಿದಳು. "ಇದ್ರಲ್ಲಿ ನೀವೆಲ್ಲಿದೀರಿ?"

ಚೆಲುವರಾಜು ಆಕಾಶದ ಅಂಚನ್ನು ತೋರಿಸಿದ. ಅಲ್ಲಿ ಪರದೆಯನ್ನು ಗಟ್ಟಿಯಾಗಿ ಹಿಡಿದಿದ್ದ ಬೆರಳುಗಳು ಸಾಲಾಗಿ ಇಣುಕುತ್ತಿದ್ದವು.

"ನೋಡು," ಎಂದ ಎದೆಯುಬ್ಬಿಸಿ, "ಬೆರಳಾದ್ರೂ ನಂದೇ!"

ಬೆಟ್ಟಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಅಯ್ಯೋ, ಬುಡಪ್ಪಾ ಅತ್ಲಾಗೆ! ಬೆರಳು ಯಾರಿಗೆ ಬೇಕು? ಉಂಗುರ ಎಷ್ಟು ಚೆಂದಾಗಿ ಬಂದದೆ ನೋಡು!"