ಮೆಳ್ಳಗಣ್ಣಿ ಹಾಡಿಗೆ ಸೈಕಲ್ ಬೆಲ್ಲು

ರೇಡಿಯೋ ನಿಲಯದ ಹಳೇ ಹಾಡುಗಳಲ್ಲಿ ಹೆಂಗಸರಿಗೆ, ಕುಳ್ಳರಿಗೆ, ಕಪ್ಪಗಿರುವವರಿಗೆ, ಕುಂಟರಿಗೆ ಮತ್ತು ಅತ್ತೆಯರಿಗೆ ಅವಮಾನವಾಗುವಂಥ ಮಾತುಗಳು ಎಷ್ಟಿವೆ ಎಂದು ಪತ್ತೆ ಹಚ್ಚಿ ಸರಿಪಡಿಸಲು ಒಂದು ಸಮಿತಿಯನ್ನು ನೇಮಿಸಲಾಯಿತು. ಸಮಿತಿಯಲ್ಲಿ ಏಳು ಜನ. ಏಳೂ ಜನ ಗಂಡಸರು, ಕೈಕಾಲು ನೆಟ್ಟಗಿದ್ದವರು, ಮುಂದೆ ಎಂದಾದರೂ ಅತ್ತೆಯಾಗುವ ಭಯ ಇಲ್ಲದವರು. ಆದ್ದರಿಂದ ಪಕ್ಷಪಾತದ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಅಧ್ಯಕ್ಷರ ಕುರ್ಚಿಯಲ್ಲಿ ಊರಿನ ಕವಿಗಳೊಬ್ಬರನ್ನು ಕೂರಿಸಿದರು. ಆ ಹಾಡುಗಳಲ್ಲಿ ಅರ್ಧಕ್ಕರ್ಧ ಅವರು ಬರೆದವೇ. ಕೊಳಕು ಎಲ್ಲಿದೆ ಅಂತ ಹಾಕಿದವನಿಗೆ ಗೊತ್ತಿರುವಷ್ಟು ಗುಡಿಸುವವನಿಗೆ ಗೊತ್ತಿರುತ್ತದೆಯೇ ಅಂತ ನಿಲಯದ ಸಾಹೇಬರು ಕೇಳಿದರು. ನ್ಯಾಯವಾದ ಮಾತೇ. ಹಾಲಿನ ವಿಷಯ ಬೆಕ್ಕಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮಾರನೇ ದಿನ ನೋಟೀಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. "ಯಾವುದೇ ಹಾಡಿನಿಂದ ಯಾರಿಗಾದರೂ ನೋವಾಗಿದ್ದಲ್ಲಿ, ಸದರಿ ನೋವನ್ನು ಮೂರು ಪ್ರತಿಗಳಲ್ಲಿ, ತಿಂಗಳ ಕೊನೆಯೊಳಗೆ ಸಲ್ಲಿಸತಕ್ಕದ್ದು. ತಡವಾಗಿ ಆದ ನೋವನ್ನು ಪರಿಗಣಿಸಲಾಗುವುದಿಲ್ಲ."

ಅದನ್ನು ಎರಡೆರಡು ಸಲ ಓದಿದವಳು ರೆಕಾರ್ಡಕ್ಕ ಒಬ್ಬಳೇ. ನಿಲಯದ ನೆಲಮಾಳಿಗೆಯಲ್ಲಿ ಹಾಡಿನ ತಟ್ಟೆಗಳನ್ನು ಜೋಡಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕೇಳಿದಾಗ ಮೇಲಕ್ಕೆ ಕಳಿಸುವುದು ಮೂವತ್ತಾರು ವರ್ಷದಿಂದ ಅವಳ ಕೆಲಸ. ಎಡಗಣ್ಣು ಹುಟ್ಟಿನಿಂದಲೇ ಮೂಗಿನ ಕಡೆ ವಾಲಿಕೊಂಡಿತ್ತು. ಹಾಗಂತ ಕೆಲಸದಲ್ಲಿ ಒಂದು ತಟ್ಟೆ ಆಚೀಚೆ ಆದದ್ದಿಲ್ಲ. ನೆಟ್ಟ ಕಣ್ಣಿನವರು ಎಷ್ಟೋ ತಟ್ಟೆಗಳ ಮೇಲೆ ಕೂತು ಎದ್ದಿದ್ದಾರೆ, ಅದು ಬೇರೆ ಮಾತು.

ಅವಳ ನೋವು ಇಡೀ ಊರಿಗೆ ಬಾಯಿಪಾಠವಾಗಿತ್ತು.

ಮೆಳ್ಳಗಣ್ಣಿ ಮೆಳ್ಳಗಣ್ಣಿ, ಯಾವ ಕಡೆಗೆ ನಿನ್ನ ಕಣ್ಣು?
ಎರಡು ಬಿಟ್ಟರೆ ಕೆನ್ನೆಗೆ, ನೆಟ್ಟಗಾಗ್ತದೆ ಹೆಣ್ಣು.

ಹೇಳಬಾರದು, ಹೇಳದಿದ್ದರೆ ಕಥೆ ತಿಳಿಯುವುದಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಈ ಕವಿಗಳು ಇನ್ನೂ ಕವಿಗಳಾಗಿರಲಿಲ್ಲ, ಬರೀ ಹುಡುಗ. ರೆಕಾರ್ಡಕ್ಕನನ್ನು ಹೆಣ್ಣು ನೋಡೋಕೆ ಅವರ ಮನೆಗೆ ಬಂದಿದ್ದ. ಕೂತವನು ಮೂರು ಪದ್ಯ ಓದಿದ. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಮಧ್ಯಾಹ್ನದ ಹೊತ್ತು ಏನು ಕೆಲಸ ಮಾಡ್ತೀರಿ?" ಅಂದಳು. ಅವಳಪ್ಪ ನಕ್ಕುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳೂ ನಕ್ಕಳು. ಹುಡುಗ ಎದ್ದು ಹೋದ. ನಾಲ್ಕೇ ತಿಂಗಳಲ್ಲಿ ಹಾಡು ಬಂತು. ಮಧ್ಯಾಹ್ನದ ಹೊತ್ತು ಏನು ಮಾಡುತ್ತಿದ್ದ ಅನ್ನುವುದು ಆಗ ಎಲ್ಲರಿಗೂ ತಿಳಿಯಿತು.

ಅಲ್ಲಿಂದ ಬಸ್ ಸ್ಟಾಪಿನಲ್ಲಿ, ನಲ್ಲಿ ಹತ್ತಿರ, ಕ್ಷೌರದಂಗಡಿ ಮುಂದೆ, ಎಲ್ಲಿ ಹೋದರೂ ಬೆನ್ನ ಹಿಂದೆ ಅದೇ ಹಾಡು. ಹೊಟ್ಟೆಪಾಡಿಗೆ ಸೇರಿಕೊಂಡ ಕೆಲಸವೂ ಎಂಥದ್ದು ನೋಡಿ, ಆ ತಟ್ಟೆಯನ್ನು ಸಾವಿರ ಸಲ ತನ್ನ ಕೈಯಾರೆ ಒರೆಸಿ ಮೇಲಕ್ಕೆ ಕಳಿಸಿದ್ದಳು. ನುಂಗಿಕೊಂಡು ಬದುಕಿದಳು. ಈಗ ನುಂಗಲಾರದ್ದು ಬೇರೆ ಬಂದಿತ್ತು.

ಮಗಳ ಮಗಳು ಗುಬ್ಬಿಗೂ ಅದೇ ಎಡಗಣ್ಣು. ಎಂಟು ವರ್ಷದ ಕೂಸು. ಶಾಲೆಯ ವಾರ್ಷಿಕೋತ್ಸವಕ್ಕೆ ಹಳೇ ಹಾಡಿನ ಕುಣಿತ ಅಂತ ಟೀಚರಮ್ಮ ಇದೇ ಹಾಡು ಆರಿಸಿದ್ದರು. ಅಭ್ಯಾಸ ಶುರುವಾದ ದಿನದಿಂದ ಗುಬ್ಬಿಗೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೊಟ್ಟೆನೋವು ಬಂದು ಹತ್ತಕ್ಕೆ ಸರಿಯಾಗಿ ಹೋಗುತ್ತಿತ್ತು. ಹನ್ನೊಂದು ದಿನದಿಂದ ಶಾಲೆಯ ಮುಖ ನೋಡಿರಲಿಲ್ಲ.

"ಅಮ್ಮ, ಆವತ್ತು ನೀನು ಹೂಂ ಅಂದಿದ್ರೆ ಈ ಹಾಡೇ ಇರ್ತಿರಲಿಲ್ಲ," ಅಂದಳು ಮಗಳು.

"ಹೂಂ ಅಂದಿದ್ರೆ ನೀನೂ ಇರ್ತಿರಲಿಲ್ಲ ಕಣೇ. ಪೆನ್ನು ಕೊಡು ಇಲ್ಲಿ."

ನೋವನ್ನು ಮೂರು ಪ್ರತಿಗಳಲ್ಲಿ ಬರೆದು ಕೊಟ್ಟಳು. ಸಮಿತಿ ಅವಳನ್ನು ಕರೆಸಿತು. ಉದ್ದ ಮೇಜು, ಏಳು ಕುರ್ಚಿ, ಏಳು ಟೀ. ಎಂಟನೇ ಕುರ್ಚಿ ಇರಲಿಲ್ಲ.

"ಈ ಹಾಡು ನಿಮ್ಮ ಮೇಲೇ ಬರೆದದ್ದು ಅನ್ನೋದಕ್ಕೆ ಆಧಾರ ಏನಮ್ಮ?" ಅಂದರು ಕಾರ್ಯದರ್ಶಿಗಳು.

"ಬರೆದವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ. ಕೇಳಿ."

ಕವಿಗಳು ಕಣ್ಣು ಮುಚ್ಚಿಕೊಂಡರು. "ಕಾವ್ಯದಲ್ಲಿ ಬರೋ ಹೆಣ್ಣು ಎಲ್ಲ ಹೆಣ್ಣೂ ಹೌದು, ಯಾವ ಹೆಣ್ಣೂ ಅಲ್ಲ."

"ಹಾಗಾದ್ರೆ ಆ ಎರಡು ಏಟು ಯಾರಿಗೆ ಬೀಳ್ತದೆ ಸ್ವಾಮಿ?"

"ಅದು ಲಯಕ್ಕೆ," ಅಂದರು ಕವಿಗಳು.

ಲಯಕ್ಕೆ ಬಿದ್ದ ಏಟು ಎಂದು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಲಾಯಿತು. ಆಮೇಲೆ ಕಾರ್ಯದರ್ಶಿಗಳು ನಿಯಮ ಹೇಳಿದರು. ಮೆಳ್ಳಗಣ್ಣಿನವರಿಗೆ ನೋವಾಗಿದೆ ಅನ್ನುವವರು ಮೊದಲು ತಮ್ಮದು ಮೆಳ್ಳಗಣ್ಣು ಅಂತ ಸರ್ಟಿಫಿಕೇಟ್ ತರಬೇಕು.

"ಕಾಣ್ತಾ ಇಲ್ವಾ?"

"ಕಾಣ್ತಾ ಇದೆಯಮ್ಮ. ಆದ್ರೆ ಕಂಡದ್ದನ್ನೆಲ್ಲ ಫೈಲಿಗೆ ಹಾಕೋಕಾಗಲ್ಲ."

ಕಣ್ಣಿನ ಡಾಕ್ಟರ ಹತ್ತಿರ ಅರ್ಧ ದಿನ ಕಾದಳು. ಅವರು ಟಾರ್ಚು ಬಿಟ್ಟು ನೋಡಿ, ಎಡಗಣ್ಣು ಮೂಗಿನ ಕಡೆಗೆ ಇದೆ, ಇನ್ನು ಮುಂದೆಯೂ ಹಾಗೇ ಇರತಕ್ಕದ್ದು ಎಂದು ಬರೆದುಕೊಟ್ಟರು. ಬರೆಯುವಾಗ ಮೆಲ್ಲಗೆ ಅದೇ ಹಾಡು ಗುನುಗುತ್ತಿದ್ದರು. ಬೇಕಂತ ಅಲ್ಲ, ಪಾಪ. ರಾಗ ಚೆನ್ನಾಗಿತ್ತು.

ಸಮಿತಿ ಅವಳಿಗೆ ಫೋಟೋ ಅಂಟಿಸಿದ ಒಂದು ಕಾರ್ಡು ಕೊಟ್ಟಿತು. "ನೊಂದವರು, ಕ್ರಮಸಂಖ್ಯೆ ಒಂದು." ಎರಡನೇ ಸಂಖ್ಯೆಗೆ ಯಾರೂ ಬರಲಿಲ್ಲ. ಒಬ್ಬ ಕುಳ್ಳ ಬಂದಿದ್ದ, ಅರ್ಜಿ ಕೊಡುವ ಕಿಟಕಿ ಎಟುಕದೆ ವಾಪಸು ಹೋದ. ಒಬ್ಬ ಕಪ್ಪು ಹೆಂಗಸಿಗೆ ಎಷ್ಟು ಕಪ್ಪು ಅಂತ ಬರೆಸಿಕೊಂಡು ಬನ್ನಿ ಅಂದರು. ಅವಳು ಕಾರ್ಯದರ್ಶಿಗಳಿಗೆ ನಾಲ್ಕು ಮಾತು ಹೇಳಿ ಹೋದಳು. ಆ ನಾಲ್ಕು ಮಾತು ಯಾವ ಹಾಡಿನಲ್ಲೂ ಇಲ್ಲದ್ದರಿಂದ ಸಮಿತಿಯ ವ್ಯಾಪ್ತಿಗೆ ಬರಲಿಲ್ಲ.

ಹೀಗೆ ಊರಿನಲ್ಲಿ ಒಬ್ಬರಿಗೆ ಮಾತ್ರ ನೋವಾಗಿದೆ ಎಂದು ಖಚಿತವಾದ ಮೇಲೆ ಸಮಿತಿ ಹಾಡನ್ನು ಕೂಲಂಕಷವಾಗಿ ಕೇಳಿತು. ಇಪ್ಪತ್ತೆರಡು ಸಲ ಕೇಳಿತು. ಹದಿನೈದನೇ ಸಲಕ್ಕೆ ಮೇಜಿನ ಮೇಲೆ ತಾಳ ಹಾಕುವುದಕ್ಕೂ ಶುರು ಮಾಡಿತು.

ಮೊದಲು ಏಟಿನ ಪ್ರಶ್ನೆ ಬಂತು. ಎರಡು ಏಟು ಜಾಸ್ತಿಯಾಯಿತು ಅಂದರು ಒಬ್ಬ ಸದಸ್ಯರು. ಇನ್ನೊಬ್ಬರು, ಪೂರ್ತಿ ತೆಗೆದರೆ ಹಾಡಿನ ಸಂದೇಶವೇ ಹೋಗುತ್ತದೆ, ಹಿರಿಯರ ಕಾಲದ್ದು, ಮುಟ್ಟಬಾರದು ಅಂದರು. ಎರಡು ದಿನ ವಾದ ನಡೆಯಿತು. ಕೊನೆಗೆ ರಾಜಿಯಾಗಿ ಒಂದು ಏಟು ಕಡಿಮೆ ಮಾಡಿದರು. "ಒಂದು ಬಿಟ್ಟರೆ ಕೆನ್ನೆಗೆ" ಎಂದು ಕಾಗದದ ಮೇಲೆ ತಿದ್ದಿದ್ದರಿಂದ ಹೆಂಗಸರ ಸ್ಥಿತಿಯಲ್ಲಿ ನೂರಕ್ಕೆ ಐವತ್ತರಷ್ಟು ಸುಧಾರಣೆಯಾಗಿದೆ ಎಂದು ವರದಿಯಲ್ಲಿ ಸೇರಿಸಿದರು.

ಉಳಿದದ್ದು "ಮೆಳ್ಳಗಣ್ಣಿ" ಅನ್ನುವ ಮಾತು. ಅದರ ಮೇಲೆ ಬೇರೆ ಶಬ್ದ ಹಾಕಿ ಮುಚ್ಚುವುದೆಂದು ತೀರ್ಮಾನವಾಯಿತು. ನಾಟಕಗಳಿಗೆ ಬೇಕಾಗುವ ಶಬ್ದಗಳ ತಟ್ಟೆಗಳೂ ರೆಕಾರ್ಡಕ್ಕನ ಸುಪರ್ದಿನಲ್ಲೇ ಇದ್ದವು. ಅವಳೇ ಹೊತ್ತು ತಂದಳು. ನಾಯಿ ಬೊಗಳುವುದು ಹಾಕಿ ಕೇಳಿದರು, ಹೆಂಗಸಿಗೆ ನಾಯಿ ಅಂದಂತಾಗುತ್ತದೆ ಅಂತ ಬಿಟ್ಟರು. ಆಡು ಅರಚುವುದು ಹಾಕಿದರು, ಹಾಡಿದವರ ಮನೆಯವರು ತಕರಾರು ತೆಗೆಯಬಹುದು ಅಂತ ಬಿಟ್ಟರು. ಸೈಕಲ್ ಬೆಲ್ಲು ಎಲ್ಲರಿಗೂ ಒಪ್ಪಿಗೆಯಾಯಿತು.

"ನಿಮಗೆ ಸಮಾಧಾನ ತಾನೇ ಅಮ್ಮ?" ಅಂದರು ಕಾರ್ಯದರ್ಶಿಗಳು.

"ಹಾಡನ್ನೇ ಹಾಕದೇ ಇದ್ರೆ ಆಗೋದಿಲ್ವಾ?"

ಏಳೂ ಜನ ಅವಳನ್ನು ನೋಡಿದ ರೀತಿಗೆ, ಅವಳೇ ಏನೋ ಕೆಟ್ಟ ಮಾತು ಆಡಿದಳೇನೋ ಅನ್ನಬೇಕು.

"ಹಾಡು ಹೋದ್ರೆ ಸಮಿತಿ ಯಾತಕ್ಕೆ?" ಅಂದರು ಸಾಹೇಬರು.

ಹಾಡು ಬರುವಾಗ ಸ್ಟುಡಿಯೋದಲ್ಲಿ ಕೂತು ಸರಿಯಾದ ಜಾಗಕ್ಕೆ ಬೆಲ್ಲು ಹೊಡೆಯಲು ಒಂದು ಹೊಸ ಹುದ್ದೆ ಮಾಡಿದರು. ಕರೆದ ಸಂದರ್ಶನಕ್ಕೆ ನಲವತ್ತು ಜನ ಬಂದಿದ್ದರು. ಕವಿಗಳ ಅಳಿಯನ ಬೆರಳಿನಲ್ಲಿ ಮಾತ್ರ ಆ ಕಲೆ ಇತ್ತು. ಅವನು ರಜೆ ಹಾಕಿದರೆ ಅಂತ ಅವನ ತಮ್ಮನನ್ನೂ ತೆಗೆದುಕೊಂಡರು. ಹಾಡು ಪರಿಷ್ಕೃತವಾದ್ದರಿಂದ ಅದನ್ನು ಹೊಸ ಹಾಡೆಂದು ಪರಿಗಣಿಸಿ ಕವಿಗಳಿಗೆ ಮತ್ತೊಮ್ಮೆ ಸಂಭಾವನೆ ಕೊಡಲಾಯಿತು.

ಆಮೇಲೆ ಆದದ್ದು ಊರಿಗೇ ಗೊತ್ತು. ಹಳಸಿಹೋಗಿದ್ದ ಹಾಡು ಹೊಸದಾಗಿ ಉಕ್ಕಿತು. ಬೆಲ್ಲಿನ ಕೆಳಗೆ ಏನಿದೆ ಅಂತ ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳಿ ತಿಳಿದುಕೊಂಡರು. ಜನ ತಪ್ಪಿಯೂ ಆ ಮಾತು ಆಡದಿರಲಿ ಅಂತ ಸಮಿತಿಯವರು "ಆಡಬಾರದ ಮಾತುಗಳು" ಎಂಬ ಪುಸ್ತಕ ಅಚ್ಚು ಹಾಕಿಸಿದರು. ಮಕ್ಕಳು ಮಗ್ಗಿ ಬಿಟ್ಟು ಅದನ್ನು ಬಾಯಿಪಾಠ ಮಾಡಿದರು. ಬೀದಿಯಲ್ಲಿ ರೆಕಾರ್ಡಕ್ಕ ಹೋಗುತ್ತಿದ್ದರೆ ಈಗ ಯಾರೂ ಹಾಡುತ್ತಿರಲಿಲ್ಲ. ಕಾನೂನು ಪಾಲಿಸುವ ಜನ. ಬರೀ ಬೆಲ್ಲು ಹೊಡೆಯುತ್ತಿದ್ದರು. ಸೈಕಲ್ ಇಲ್ಲದವರು ಬಾಯಲ್ಲೇ "ಟ್ರಿಣ್ ಟ್ರಿಣ್" ಅನ್ನುತ್ತಿದ್ದರು.

ಟೀಚರಮ್ಮ ಮಾತ್ರ ಒಳ್ಳೇ ಹೆಂಗಸು. ತಾವೇ ಮನೆಗೆ ಬಂದರು.

"ಅಜ್ಜಿ, ಮಗು ಮನಸ್ಸಿಗೆ ಬೇಜಾರಾಗಬಾರದು ಅಂತ ನಾನೊಂದು ಯೋಚನೆ ಮಾಡಿದ್ದೀನಿ. ಕುಣಿತದಲ್ಲಿ ಬೆಲ್ಲು ಹೊಡೆಯೋ ಪಾತ್ರ ಗುಬ್ಬಿಗೇ ಕೊಡೋಣ. ಅವಳೇ ಹೊಡೆದ್ರೆ ಅವಳಿಗೆ ಯಾರು ಹೊಡೀತಾರೆ?"

"ಇನ್ನೊಂದು ಹಾಡು ಸಿಗಲಿಲ್ವಾ ತಾಯಿ ನಿಮಗೆ?"

"ಬಟ್ಟೆ ಹೊಲಿಸಿಬಿಟ್ಟಿದ್ದೀವಿ ಅಜ್ಜಿ."

ಹೊಲಿಸಿದ ಬಟ್ಟೆಗೆ ಎದುರು ಮಾತುಂಟೇ? ಆದರೆ ಒಂದು ಸತ್ಯ ಹೇಳಬೇಕು, ಬೆಲ್ಲು ಕೈಗೆ ಬಂದದ್ದೇ ಗುಬ್ಬಿಯ ಹೊಟ್ಟೆನೋವು ಹೋಯಿತು. ಮನೆಯಲ್ಲಿ ಸಂಜೆಯೆಲ್ಲ ಅಭ್ಯಾಸ. ರೆಕಾರ್ಡಕ್ಕ ತಾನೇ ಹಾಡಿ ಮೊಮ್ಮಗಳಿಗೆ ಜಾಗ ತೋರಿಸಿಕೊಟ್ಟಳು. ಮೂವತ್ತೆಂಟು ವರ್ಷದಲ್ಲಿ ಆ ಹಾಡನ್ನು ಅವಳು ಬಾಯಿಬಿಟ್ಟು ಹಾಡಿದ್ದು ಅದೇ ಮೊದಲು. ಮಗು ಶಾಲೆಗೆ ಹೋಗುತ್ತದಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ.

ವಾರ್ಷಿಕೋತ್ಸವಕ್ಕೆ ಕವಿಗಳೇ ಮುಖ್ಯ ಅತಿಥಿ. ಮುಂದಿನ ಸಾಲಿನ ನಡುವೆ ಕೂತಿದ್ದರು. ಮೊದಲನೇ ಸಲದ ಪಲ್ಲವಿಗೆ ಗುಬ್ಬಿ ಕೂದಲೆಳೆ ತಪ್ಪದೆ ಬೆಲ್ಲು ಹೊಡೆದಳು. ಎರಡನೇ ಸಲ ಪಲ್ಲವಿ ಬಂದಾಗ ಬೆಲ್ಲು ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. "ಮೆಳ್ಳಗಣ್ಣಿ ಮೆಳ್ಳಗಣ್ಣಿ" ಅನ್ನುವುದು ಸಭಾಂಗಣದ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳಿಸಿತು. ಜನ ಬೆಚ್ಚಿದರು. ಅಂಥ ಮಾತನ್ನು ಅವರು ಜನ್ಮದಲ್ಲೇ ಕೇಳಿರಲಿಲ್ಲ ನೋಡಿ.

ಮನೆಗೆ ಬರುವ ದಾರಿಯಲ್ಲಿ ರೆಕಾರ್ಡಕ್ಕ ಕೇಳಿದಳು. "ಮರೆತುಹೋಯ್ತೇನೇ ಕೂಸೇ?"

"ಇಲ್ಲಜ್ಜಿ. ಮುಂದೆ ಕೂತಿದ್ದ ತಾತ ಹಾಡ್ತಾ ಇದ್ರು. ನಾನು ಬೆಲ್ಲು ಹೊಡೆದಾಗ್ಲೂ ಅವರ ಬಾಯಿ ಅದನ್ನೇ ಅಂತಿತ್ತು. ಮತ್ಯಾಕೆ ಹೊಡೀಬೇಕು ಅನ್ನಿಸ್ತು."

ರೆಕಾರ್ಡಕ್ಕ ಅವಳ ಕೈಯಲ್ಲಿದ್ದ ಬೆಲ್ಲನ್ನು ತಾನು ಹಿಡಿದುಕೊಂಡಳು, ಭಾರ ಅಂತ.

ಮೂರೇ ದಿನದಲ್ಲಿ ಸಮಿತಿಯ ನೋಟೀಸು ಬಂತು. ಇಷ್ಟು ಬೇಗ ಅದು ಯಾವ ಕೆಲಸವನ್ನೂ ಮಾಡಿರಲಿಲ್ಲ. "ಸದರಿ ಬಾಲಕಿಯು ನಿಗದಿತ ಜಾಗದಲ್ಲಿ ಬೆಲ್ಲು ಹೊಡೆಯದೆ, ಅವಮಾನಕರ ಪದವನ್ನು ನೂರಾರು ಜನರ ಕಿವಿಗೆ ಬೀಳಿಸಿರುತ್ತಾಳೆ. ಇದರಿಂದ ನೊಂದ ಎಲ್ಲರ ಮುಂದೆ ಖುದ್ದಾಗಿ ಕ್ಷಮೆ ಕೇಳತಕ್ಕದ್ದು. ನೊಂದವರು ಕ್ಷಮಿಸಿದ್ದಾರೆ ಎಂಬ ರುಜು ಬರುವ ತನಕ ಬಾಲಕಿಗೆ ಶಾಲೆಗೆ ಪ್ರವೇಶವಿಲ್ಲ."

ನೊಂದವರ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು.

ಸೋಮವಾರ ಹನ್ನೊಂದು ಗಂಟೆಗೆ ಅಜ್ಜಿ ಮೊಮ್ಮಗಳು ಕೈ ಹಿಡಿದುಕೊಂಡು ಒಟ್ಟಿಗೆ ಹೋದರು. ಸಮಿತಿಯ ಕೋಣೆಯಲ್ಲಿ ಇಬ್ಬರನ್ನೂ ಬಿಡಿಸಿ, ನೊಂದವರನ್ನು ಮೇಜಿನ ಈ ಕಡೆ, ತಪ್ಪಿತಸ್ಥಳನ್ನು ಆ ಕಡೆ ನಿಲ್ಲಿಸಿದರು. ಈ ಸಲ ಎಂಟನೇ ಕುರ್ಚಿ ತರಿಸಿದ್ದರು. ರೆಕಾರ್ಡಕ್ಕ ತನ್ನ ಕಾರ್ಡು ತೋರಿಸಿದ ಮೇಲೆ ಕೂರಲು ಬಿಟ್ಟರು.

ಸಮಿತಿಯವರು ಬರೆದು ಕೊಟ್ಟದ್ದನ್ನು ಗುಬ್ಬಿ ಓದಿದಳು. "ಮೆಳ್ಳಗಣ್ಣು ಇರುವವರಿಗೆ ನನ್ನಿಂದ ನೋವಾಗಿದೆ. ಇನ್ನು ಮೇಲೆ ಹೀಗೆ ಮಾಡುವುದಿಲ್ಲ." ಓದಿ, ಆ ಕಣ್ಣಿನಿಂದ ಅಜ್ಜಿಯನ್ನು ನೋಡಿದಳು. ಅಜ್ಜಿ ಆ ಕಣ್ಣಿನಿಂದ ಮೊಮ್ಮಗಳನ್ನು ನೋಡಿದಳು. ಯಾರು ಯಾರನ್ನು ನೋಡುತ್ತಿದ್ದಾರೆ ಅನ್ನುವುದು ಸಮಿತಿಗೆ ಗೊತ್ತಾಗಲಿಲ್ಲ.

"ಇವಳು ನನ್ನ ಮೊಮ್ಮಗಳು," ಅಂದಳು ರೆಕಾರ್ಡಕ್ಕ.

"ಸಂಬಂಧಿಕರು ಅಂತ ರಿಯಾಯಿತಿ ಕೊಡೋಕೆ ಬರೋದಿಲ್ಲಮ್ಮ," ಅಂದರು ಕಾರ್ಯದರ್ಶಿಗಳು. ಹೊರಗಡೆ ವರಾಂಡದಲ್ಲಿ ಕವಿಗಳ ಅಳಿಯ ಬೆಲ್ಲಿಗೆ ಎಣ್ಣೆ ಹಾಕುತ್ತಾ ಕೂತಿದ್ದ.

ರೆಕಾರ್ಡಕ್ಕ ಮೂರೂ ಪ್ರತಿಗಳಿಗೆ "ಕ್ಷಮಿಸಲಾಗಿದೆ" ಎಂದು ಬರೆದು ರುಜು ಹಾಕಿದಳು. ಕವಿಗಳು ಎದ್ದು ಬಂದು ಗುಬ್ಬಿಯ ತಲೆ ಸವರಿದರು.

"ಕ್ಷಮೆ ಕೇಳೋದು ದೊಡ್ಡ ಗುಣ ಮಗು. ಎಲ್ಲರಿಗೂ ಬರೋದಿಲ್ಲ."

"ಹೌದು," ಅಂದಳು ರೆಕಾರ್ಡಕ್ಕ. "ಮೂವತ್ತೆಂಟು ವರ್ಷವಾದ್ರೂ ಬರೋದಿಲ್ಲ."

ಅದನ್ನು ಸಮಿತಿಯ ಕಾರ್ಯಕ್ಕೆ ಸಂದ ಮೆಚ್ಚುಗೆ ಎಂದು ನಡವಳಿಯಲ್ಲಿ ದಾಖಲಿಸಲಾಯಿತು.

ಒಂದು ಪ್ರತಿ ನಿಲಯಕ್ಕೆ, ಒಂದು ಶಾಲೆಗೆ, ಒಂದು ನೊಂದವರಿಗೆ. ಗುಬ್ಬಿ ಅದೇ ಮಧ್ಯಾಹ್ನ ಶಾಲೆಗೆ ಹೋದಳು. ರೆಕಾರ್ಡಕ್ಕ ನೆಲಮಾಳಿಗೆಗೆ ಇಳಿದಳು. ಹನ್ನೆರಡೂವರೆಗೆ ಕೇಳುಗರ ಕೋರಿಕೆ, ಮೊದಲನೇ ಹಾಡು ಯಾವುದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ತಟ್ಟೆ ತೆಗೆದು ಎರಡೂ ಬದಿ ಒರೆಸಿದಳು, ತನ್ನ ಪಾಲಿನ ಪ್ರತಿಯನ್ನು ಮಡಿಸಿ ಅದರ ಚೀಲದೊಳಗೆ ಇಟ್ಟಳು, ಮೇಲಕ್ಕೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮೇಲಿಂದ ಬೆಲ್ಲಿನ ಸದ್ದು ಬಂತು. ಅಳಿಯನ ಕೈ ಸ್ವಲ್ಪ ತಡ ಅಂತ ಅವಳಿಗೆ ಅನ್ನಿಸಿತು. ಗುಬ್ಬಿಯೇ ಮೇಲು.